ಕೊನೆಯ ಎಪಿಸೋಡ್ ಯಾರ ಕೈಲಿದೆ?

ಒಬ್ಬ ಅಜ್ಜಿಯನ್ನು ಸಾಯಿಸಲು ನಾಲ್ಕು ಸಲ ಹೋಗಿ ನಾಲ್ಕು ಸಲವೂ ಸೋತು ವಾಪಸ್ ಬಂದವಳು ನಾನು. ಗಾಬರಿಯಾಗಬೇಡಿ, ಸೀರಿಯಲ್ ಅಜ್ಜಿ. ನಾನು ಐದು ವರ್ಷ ಸಂಭಾಷಣೆ ಬರೆದ ಒಂದು ಧಾರಾವಾಹಿಯಲ್ಲಿ ಆಕೆ ಮನೆಯ ಹಿರಿತಲೆ. ಮೊದಲು ಬರೆದ ಕಥೆಯ ಪ್ರಕಾರ ನೂರನೇ ಸಂಚಿಕೆ ಹೊತ್ತಿಗೆ ಕಣ್ಣು ಮುಚ್ಚಬೇಕಿತ್ತು. ಆಮೇಲೆ ಆಸ್ತಿ ಪಾಲು, ಅಣ್ಣತಮ್ಮಂದಿರ ಜಗಳ, ಇತ್ಯಾದಿ. ಸರಿ, ಎದೆನೋವು ಬರಿಸಿದೆವು. ಆ ವಾರ ಟಿಆರ್‌ಪಿ ಏರಿಬಿಟ್ಟಿತು. ಚಾನೆಲ್‌ನಿಂದ ಫೋನ್ ಬಂತು: "ಮೇಡಂ, ಅಜ್ಜಿ ಐಸಿಯುನಲ್ಲೇ ಇರಲಿ, ಸಾಯೋದು ಬೇಡ." ಮುಂದಿನ ವರ್ಷ ಮೆಟ್ಟಿಲಿಂದ ಬಿದ್ದರು. ಅದರ ಮುಂದಿನ ವರ್ಷ ಹಾಲಿನಲ್ಲಿ ವಿಷ. ಏನೂ ಆಗಲಿಲ್ಲ. ಗಟ್ಟಿ ಜೀವ.

ಟಿವಿ ಹೋಗಿ ಒಟಿಟಿ ಬಂದಮೇಲೆ ಸೀರಿಯಲ್ ಹೇಗೆ ಬದಲಾಯ್ತು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಅಜ್ಜಿಯೇ. ಕ್ಯಾಮೆರಾ ಚೆನ್ನಾಗಿದೆ, ಬೈಗುಳ ಜಾಸ್ತಿ, ಮೇಕಪ್ ಕಮ್ಮಿ ಅಂತೆಲ್ಲ ಜನ ಹೇಳುತ್ತಾರೆ. ಅದೆಲ್ಲ ಇದೆ. ಆದರೆ ಬರೆಯುವವರಿಗೆ ದೊಡ್ಡ ವ್ಯತ್ಯಾಸ ಒಂದೇ. ಕಥೆ ಎಲ್ಲಿ ಮುಗಿಯುತ್ತೆ ಅಂತ ಯಾರಿಗೆ ಗೊತ್ತು, ಯಾವಾಗ ಗೊತ್ತು?

ಟಿವಿಯಲ್ಲಿ ಅದು ಗುರುವಾರಕ್ಕೆ ಗೊತ್ತು. ಯಾವ ಚಾನೆಲ್ ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ವಾರದ ಅಂಕಿಗಳನ್ನು ಗುರುವಾರ ಕೊಡುತ್ತದೆ. ಆಯ್ದ ಸಾವಿರಾರು ಮನೆಗಳಲ್ಲಿ ಮೀಟರ್ ಇರುತ್ತದೆ. ಚಾನೆಲ್‌ನ ಆಡಿಯೋದಲ್ಲಿ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ, ಅದನ್ನು ಹಿಡಿದು ಮೀಟರ್ ಲೆಕ್ಕ ಹಾಕುತ್ತದೆ. ಆ ಮನೆಯವರು ಏನು ನೋಡಿದರು ಅನ್ನುವುದರ ಮೇಲೆ ನಮ್ಮ ಶುಕ್ರವಾರದ ಕಥಾ ಮೀಟಿಂಗ್ ನಿಲ್ಲುತ್ತದೆ. ಯಾವ ಪಾತ್ರ ಊರಿಗೆ ಹೋಗಬೇಕು, ಯಾವಳಿಗೆ ನೆನಪು ಹೋಗಬೇಕು, ಎಲ್ಲ ಅಲ್ಲೇ ತೀರ್ಮಾನ. ಚೆನ್ನಾಗಿ ಓಡುವ ಸೀರಿಯಲ್‌ಗೆ ಕೊನೆ ಅನ್ನುವುದೇ ಇಲ್ಲ. ಓಡದಿದ್ದರೆ ಹದಿನೈದು ದಿನದಲ್ಲಿ ಮುಗಿಸಿ ಅನ್ನುತ್ತಾರೆ. ಆಗ ಎರಡು ವರ್ಷದಿಂದ ಮುಚ್ಚಿಟ್ಟ ಗುಟ್ಟುಗಳೆಲ್ಲ ಒಂದೇ ವಾರದಲ್ಲಿ ಬಯಲು, ವಿಲನ್‌ಗೆ ಜ್ಞಾನೋದಯ, ಎಲ್ಲರೂ ಸಾಲಾಗಿ ನಿಂತು ಒಂದು ಗ್ರೂಪ್ ಫೋಟೋ.

ಇದು ಟಿವಿಯ ಹುಟ್ಟುಗುಣ ಅಂದುಕೊಳ್ಳಬೇಡಿ. ದೂರದರ್ಶನದ ಕಾಲದಲ್ಲಿ ಹೀಗಿರಲಿಲ್ಲ. ಆಗ ಹದಿಮೂರರ ಲೆಕ್ಕ. ವಾರಕ್ಕೊಂದು ಕಂತು, ಮೂರು ತಿಂಗಳಿಗೆ 13. ಅಷ್ಟಕ್ಕೆ ಮಂಜೂರಾತಿ, ಆಮೇಲೆ ಬೇಕಾದರೆ ಇನ್ನೊಂದು 13. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 39 ಕಂತು, ಅಂದರೆ ಮೂರು ಹದಿಮೂರು. ಸ್ವಾಮಿ ಕ್ರಿಕೆಟ್ ಆಡಿದ, ಮನೆ ಬಿಟ್ಟು ಓಡಿದ, ವಾಪಸ್ ಬಂದ, ಕಥೆ ಮುಗಿಯಿತು. ಟಿಆರ್‌ಪಿ ಬಂತು ಅಂತ ಸ್ವಾಮಿಗೆ ಮದುವೆ ಮಾಡಿಸಲಿಲ್ಲ ಅಲ್ವಾ? 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ 'ಹೌಸ್ ಆಫ್ ಕಾರ್ಡ್ಸ್' ಸರಣಿಯನ್ನು ಒಂದೇ ದಿನ ಪೂರ್ತಿಯಾಗಿ ಬಿಟ್ಟಾಗ ಅದರಲ್ಲೂ ಇದ್ದದ್ದು 13 ಎಪಿಸೋಡ್. ಕಾಕತಾಳೀಯವೇ ಇರಬಹುದು. ಆದರೂ ಇವತ್ತಿನ ವೆಬ್ ಸೀರೀಸ್‌ಗೆ ನಮ್ಮ ಮೆಗಾ ಸೀರಿಯಲ್‌ಗಿಂತ ಹಳೆಯ ದೂರದರ್ಶನವೇ ಹತ್ತಿರದ ನೆಂಟ ಅಂತ ನನಗನ್ನಿಸುತ್ತದೆ. ನಡುವೆ ಬಂದ ಖಾಸಗಿ ಚಾನೆಲ್‌ಗಳು, 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, ಆಮೇಲೆ ಜೀ ಕನ್ನಡ, ಸುವರ್ಣ, ಇವುಗಳಿಗೆ ದಿನಾ ತುಂಬಬೇಕಾದ ಸ್ಲಾಟ್‌ಗಳಿದ್ದವು. ದಿನಾ ಅಡುಗೆ ಆಗಬೇಕಾದ ಮನೆ ಅದು. ಅಲ್ಲಿ ಹಬ್ಬದಡುಗೆ ಕೇಳಬಾರದು.

ಅಡುಗೆ ಅಂದೆ. ನಿಜಕ್ಕೂ ನಮ್ಮ ಕಸುಬಿನ ಗುಟ್ಟು ಇರುವುದು ಅಡುಗೆಮನೆಯಲ್ಲೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ದೃಶ್ಯ ಬರೆದಿದ್ದೆ. ಸೊಸೆ ಬೀರು ತೆಗೆಯುತ್ತಾಳೆ, ಸೀರೆ ಮಡಿಕೆಯಲ್ಲಿ ಅತ್ತೆಯ ಆಸ್ಪತ್ರೆ ಚೀಟಿ ಸಿಗುತ್ತದೆ, ಓದಿ ಸುಮ್ನೆ ಮುಚ್ಚಿಡುತ್ತಾಳೆ. ಅಷ್ಟೇ. ಎಪಿಸೋಡ್ ಡೈರೆಕ್ಟರ್ ಸೀನ್ ಪೇಪರ್ ನೋಡಿ ನಕ್ಕರು. "ಏನಮ್ಮಾ, ನಿಮ್ಮಮ್ಮ ಸೀರಿಯಲ್ ನೋಡ್ತಾರಾ, ಕೇಳ್ತಾರಾ?" ಅಂದರು. ಮನೆಗೆ ಹೋಗಿ ಗಮನಿಸಿದೆ. ಅಮ್ಮ ಒಲೆ ಮುಂದೆ. ಟಿವಿ ಹಾಲ್‌ನಲ್ಲಿ. ಒಗ್ಗರಣೆ ಚಟಪಟ ಅನ್ನುತ್ತಿದೆ, ಕುಕ್ಕರ್ ಕೂಗುತ್ತಿದೆ, ಅಮ್ಮ ಕೇಳುತ್ತಿದ್ದಾರೆ. ಸಂಗೀತ ಜೋರಾದಾಗ ಮಾತ್ರ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಒಮ್ಮೆ ಇಣುಕುತ್ತಾರೆ. ಆ ದೃಶ್ಯ ಹೀಗೆ ಬದಲಾಯ್ತು: "ಇದೇನಿದು? ಅತ್ತೆ ಹೆಸರಲ್ಲಿ ಆಸ್ಪತ್ರೆ ಚೀಟಿ! ಅಂದ್ರೆ ಅತ್ತೆಗೆ ಹಾರ್ಟ್ ಪ್ರಾಬ್ಲಮ್ಮಾ? ಇಷ್ಟು ದಿನ ನಮ್ಮೆಲ್ಲರಿಂದ ಮುಚ್ಚಿಟ್ರಾ? ಇದು ಇವರಿಗೆ ಗೊತ್ತಾದ್ರೆ ಏನ್ ಗತಿ!" ನೀವು ನಗುತ್ತೀರಿ. ನಗಿ. ಆದರೆ ಆ ನಾಲ್ಕು ಸಾಲು ಅಡುಗೆಮನೆಗೆ ತಲುಪುತ್ತದೆ.

ಸೀರಿಯಲ್‌ನಲ್ಲಿ ಹೆಸರು ಹಿಡಿದೇ ಮಾತಾಡುತ್ತಾರೆ, ಆಗಿಹೋದದ್ದನ್ನು ಮತ್ತೆ ಮತ್ತೆ ಹೇಳುತ್ತಾರೆ, ಒಂದು ಆಘಾತಕ್ಕೆ ಆರು ಜನರ ಮುಖ ಮೂರು ಮೂರು ಸಲ ತೋರಿಸುತ್ತಾರೆ ಅಂತ ಆಡಿಕೊಳ್ಳುತ್ತಾರಲ್ಲ, ಅದಕ್ಕೆಲ್ಲ ಕಾರಣ ಇದೆ. ಟಿವಿಯಲ್ಲಿ ಹಿಂದಕ್ಕೆ ಹೋಗಿ ನೋಡುವ ಬಟನ್ ಇರಲಿಲ್ಲ. ನಾವೇ ಆ ಬಟನ್ ಆಗಿದ್ದೆವು. ಜೊತೆಗೆ ಜಾಹೀರಾತು. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಹಾಗಾಗಿ ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಕಥೆಗೆ ಉಳಿಯುವುದು ಇಪ್ಪತ್ತನಾಲ್ಕು ನಿಮಿಷದ ಆಸುಪಾಸು. ಆ ಇಪ್ಪತ್ತನಾಲ್ಕರಲ್ಲಿ ಪ್ರತಿ ಬ್ರೇಕ್‌ಗೂ ಒಂದು ಹುಕ್, ಕೊನೆಗೆ ಒಂದು ದೊಡ್ಡ ಹುಕ್. ಬಾಗಿಲು ತೆರೆಯುತ್ತದೆ, ಯಾರೋ ನಿಂತಿದ್ದಾರೆ, ಎಲ್ಲರೂ ದಿಗ್ಭ್ರಾಂತರು. ನಾಳೆ ನೋಡಿದರೆ ಕೊರಿಯರ್ ಹುಡುಗ. ಒಪ್ಪುತ್ತೇನೆ, ನಾನೂ ಮಾಡಿದ್ದೇನೆ.

ಮೂರು ವರ್ಷದ ಹಿಂದೆ ಒಂದು ಒಟಿಟಿಗೆ ಎಂಟು ಎಪಿಸೋಡ್‌ನ ಕಥೆ ಬರೆಯುವ ತಂಡಕ್ಕೆ ಸೇರಿದೆ. ಅದೇ ಅತ್ತೆ, ಅದೇ ಚೀಟಿ ಮತ್ತೆ ಬಂತು ಅನ್ನಿ, ಕೈಗೆ ಬಂದದ್ದು ಬಿಡುತ್ತಾ? ಅಭ್ಯಾಸಬಲದಿಂದ ನಾಲ್ಕು ಸಾಲು ಮಾತು ಬರೆದೆ. ನಿರ್ದೇಶಕ ಹುಡುಗ, ನನ್ನ ತಮ್ಮನ ವಯಸ್ಸಿನವನು, "ಅಕ್ಕಾ, ಇದನ್ನ ಯಾರಿಗೆ ಹೇಳ್ತಿದಾಳೆ ಇವಳು?" ಅಂದ. ಉತ್ತರ ಹೊಳೆಯಲಿಲ್ಲ. ಯಾಕಂದರೆ ಅವಳು ಹೇಳುತ್ತಿದ್ದದ್ದು ನನ್ನಮ್ಮನಿಗೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಮಾತೆಲ್ಲ ತೆಗೆದು ಹಾಕಿದೆ. ಸೊಸೆ ಚೀಟಿ ಓದಿ ವಾಪಸ್ ಇಡುತ್ತಾಳೆ. ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆಯ ಎಲೆ ಹತ್ತಿರ ಯಾವತ್ತೂ ಇರುವ ಉಪ್ಪಿನಕಾಯಿ ಜಾಡಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಅತ್ತೆ ತಲೆಯೆತ್ತಿ ಒಂದು ಸಲ ನೋಡುತ್ತಾರೆ, ಏನೂ ಅನ್ನದೆ ಅನ್ನ ಕಲಸುತ್ತಾರೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ದೃಶ್ಯ ಅದು. ಅದರಲ್ಲಿ ನಾನು ಬರೆದ ಮಾತು ಒಂದೂ ಇಲ್ಲ!

ಅಮ್ಮ ಅದನ್ನು ಫೋನ್‌ನಲ್ಲಿ ನೋಡಿದರು. ಆ ಜಾಗಕ್ಕೆ ಬಂದಾಗ ಬೇಳೆ ಉಕ್ಕಿತು ಅಂತ ಎದ್ದು ಹೋಗಿದ್ದರಂತೆ. ವಾಪಸ್ ಬಂದು "ಏನೋ ಆಯ್ತಲ್ಲೇ" ಅಂತ ಹತ್ತು ಸೆಕೆಂಡ್ ಹಿಂದಕ್ಕೆ ಒತ್ತಿದರು, ಮತ್ತೆ ಒತ್ತಿದರು. ಅರ್ಥವಾಯಿತು.

ಹಾಗಂತ ಒಟಿಟಿಯಲ್ಲಿ ಸ್ವರ್ಗ ಇದೆ ಅಂತಲ್ಲ. ಅಲ್ಲಿ ಗುರುವಾರ ಇಲ್ಲ, ಆದರೆ ನೀವು ಯಾವ ನಿಮಿಷಕ್ಕೆ ಬಿಟ್ಟು ಎದ್ದಿರಿ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ನಮಗೆ ಪೂರ್ತಿ ಹೇಳುವುದಿಲ್ಲ. "ಮೊದಲ ಐದು ನಿಮಿಷದಲ್ಲಿ ಏನಾದ್ರೂ ಆಗ್ಲಿ" ಅಂತ ಮಾತ್ರ ಹೇಳುತ್ತಾರೆ. ಏನಾದರೂ ಅಂದರೆ ಹೆಣ. ಹಾಗಾಗಿ ವೆಬ್ ಸೀರೀಸ್‌ಗಳಲ್ಲಿ ಶುರುವಿಗೇ ಕೆರೆಯಲ್ಲೋ ಕಾಡಲ್ಲೋ ಒಂದು ಹೆಣ ಸಿಗುತ್ತದೆ. ಟಿವಿಯವರಿಗೆ ಯಾರೂ ಸಾಯಬಾರದು, ಇವರಿಗೆ ಒಬ್ಬರಾದರೂ ಸಾಯಬೇಕು.

ಕನ್ನಡದ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಇಲ್ಲಿ ಸ್ಟ್ರೀಮಿಂಗ್ ಬಂದದ್ದು ಹೊಸ ಬಗೆಯ ಕಥೆಯಾಗಿ ಅಲ್ಲ, ಅದೇ ಸೀರಿಯಲ್‌ನ ಇನ್ನೊಂದು ಬಾಗಿಲಾಗಿ. ಚಂದಾ ಕಟ್ಟಿದವರು ನಾಳಿನ ಸಂಚಿಕೆಯನ್ನು ಟಿವಿಗಿಂತ ಮುಂಚೆಯೇ ಫೋನ್‌ನಲ್ಲಿ ನೋಡಬಹುದು. ಬಸ್‌ನಲ್ಲಿ ಕೂತು ನೋಡುತ್ತಾರೆ, ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾರೆ, ನಾವು ಹಾಕಿದ ಮೂರು ಸಲದ ಮುಖಗಳನ್ನೆಲ್ಲ ಹಾರಿಸುತ್ತಾರೆ. ಕನ್ನಡದ್ದೇ ಆದ ವೆಬ್ ಸರಣಿಗಳನ್ನು ಬೆರಳಲ್ಲಿ ಎಣಿಸಬೇಕು. 'ಏಕಂ' ಕರಾವಳಿಯ ಏಳು ಕಥೆಗಳ ಸರಣಿ, ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ಬೆನ್ನಾಸರೆ ಇತ್ತು, ಪ್ರಕಾಶ್ ರಾಜ್ ಮತ್ತು ರಾಜ್ ಬಿ ಶೆಟ್ಟಿಯಂಥ ನಟರಿದ್ದರು. ಆದರೂ ಕೊಳ್ಳುವ ಒಟಿಟಿ ಸಿಗದೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಕಟ್ಟಿ ಬಿಡುಗಡೆ ಮಾಡಿದರು. 2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ ಬಂದ 'ಅಯ್ಯನ ಮನೆ' ನೋಡಿ ನನಗೆ ಖುಷಿಯಾಯಿತು. ಮಾಡಿದವರು ರಮೇಶ್ ಇಂದಿರಾ, ಸೀರಿಯಲ್ ಲೋಕ ಚೆನ್ನಾಗಿ ಬಲ್ಲವರು. ದೊಡ್ಡ ಮನೆ, ಹೊಸ ಸೊಸೆ, ಮನೆದೇವರ ಭಯ, ಎಲ್ಲ ನಮ್ಮ ಮೆಗಾ ಸೀರಿಯಲ್‌ನ ಸಾಮಾನೇ. ಚಿಕ್ಕ ಚಿಕ್ಕ ಎಪಿಸೋಡ್‌ಗಳಲ್ಲಿ ಹೇಳಿ ಮುಗಿಸಿದರು.

ದುಡ್ಡಿನ ವಿಷಯಕ್ಕೆ ಬಂದರೆ ನಾನು ಟಿವಿ ಪಕ್ಷ. ನಮ್ಮ ಸೆಟ್‌ನಲ್ಲಿ ಅರವತ್ತು ಜನ ಇರುತ್ತಿದ್ದರು. ಲೈಟ್ ಹುಡುಗರು, ಊಟದವರು, ಜೂನಿಯರ್ ಆರ್ಟಿಸ್ಟ್‌ಗಳು. ಸೀರಿಯಲ್ ಮುಗಿಯದೆ ಓಡುತ್ತಿದ್ದರೆ ಅವರ ಮನೆ ಬಾಡಿಗೆ, ಮಕ್ಕಳ ಫೀಸು ನಡೆಯುತ್ತದೆ. ದಿನಕ್ಕೊಂದು ಎಪಿಸೋಡ್ ಚಿತ್ರೀಕರಿಸುವ ಧಾವಂತದಲ್ಲಿ ಕಲೆ ಎಷ್ಟು ಉಳಿಯುತ್ತೋ ಬೇರೆ ಮಾತು. ವೆಬ್ ಸೀರೀಸ್‌ನಲ್ಲಿ ದಿನಕ್ಕೆ ಮೂರು ನಾಲ್ಕು ನಿಮಿಷದ ಕೆಲಸ, ಮೂರು ತಿಂಗಳಿಗೆ ಮುಗಿಯಿತು, ಮುಂದಿನದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ.

ಆ ಅಜ್ಜಿ ಪಾತ್ರ ಮಾಡುತ್ತಿದ್ದ ಕಲಾವಿದೆಯನ್ನು ನಾನು ಅಮ್ಮ ಅಂತಲೇ ಕರೆಯುವುದು. ಐದು ವರ್ಷ ಪ್ರತಿ ಶನಿವಾರ ಸೆಟ್‌ನಲ್ಲಿ ಸಿಕ್ಕಾಗ ಕೇಳುತ್ತಿದ್ದರು, "ಏನಮ್ಮಾ, ಮುಂದಿನ ವಾರ ಇರ್ತೀನಾ?" ತಮಾಷೆ ಅಲ್ಲ, ಡೇಟ್ ಕೊಡಬೇಕಲ್ಲ. ನಮ್ಮ ಎಂಟು ಎಪಿಸೋಡ್‌ನ ಕಥೆಗೆ ಅವರನ್ನೇ ಕರೆಸಿದೆವು. ಆರನೇ ಎಪಿಸೋಡ್‌ನಲ್ಲಿ ಸಾವು. ಪೂರ್ತಿ ಸ್ಕ್ರಿಪ್ಟ್ ಮೊದಲೇ ಕೊಟ್ಟಿದ್ದೆವು, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದರು. ಬಾಡಿಗೆಗೆ ತಗೊಂಡ ಮನೆ ಸಿಕ್ಕಿದ್ದು ಮೊದಲ ಎರಡು ದಿನ ಮಾತ್ರ, ಹಾಗಾಗಿ ಶೂಟಿಂಗ್ ಶುರುವಾದದ್ದೇ ಆ ಸಾವಿನ ದೃಶ್ಯದಿಂದ. ಶಾಟ್ ಓಕೆ ಆದಮೇಲೆ ಮೂಗಿನ ಹತ್ತಿ ತೆಗೆದು, ಕಾಫಿ ಲೋಟ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು.

"ಅಲ್ವೇ, ಐದು ವರ್ಷ ನಿನ್ನ ಕೈಲಾಗದ್ದು. ಇವರು ಮೊದಲ ದಿನ ಬೆಳಿಗ್ಗೆ ತಿಂಡಿಗೆ ಮುಂಚೆ ಮುಗಿಸಿಬಿಟ್ರಲ್ಲೇ!"