ಜೋಡಿ ಸರಿಯಿಲ್ಲ ಅಂತ ವೀಕ್ಷಕರು ಹೇಳಿದಾಗ

ಹೊಸ ರೊಮ್ಯಾಂಟಿಕ್ ಸಿಟ್‌ಕಾಮ್ (ಪ್ರೇಮದ ಸುತ್ತ ನಡೆಯುವ ಹಾಸ್ಯ ಧಾರಾವಾಹಿ) ಶುರುವಾದ ರಾತ್ರಿಯೇ ವೀಕ್ಷಕರ ಪ್ರತಿಕ್ರಿಯೆಗಳು ಬಂದು ಬೀಳುತ್ತವೆ. ಅವನ್ನೆಲ್ಲ ಓದಿ, ಬರಹಗಾರರ ತಂಡಕ್ಕೆ ಯಾವುದನ್ನು ತಲುಪಿಸಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವುದು ಸ್ಕ್ರಿಪ್ಟ್ ಎಡಿಟರ್ ಆದ ನನ್ನ ಕೆಲಸದ ಒಂದು ಭಾಗ. ಕಥೆ ಯಾವುದೇ ಇರಲಿ, ಮೊದಲ ವಾರ ಒಂದು ದೂರು ಮಾತ್ರ ಬಂದೇ ಬರುತ್ತದೆ: "ಹುಡುಗ ಚೆನ್ನಾಗಿ ಮಾಡಿದ್ದಾನೆ, ಹುಡುಗೀನೂ ಚೆನ್ನಾಗಿ ಮಾಡಿದ್ದಾಳೆ. ಆದ್ರೆ ಜೋಡಿ ಯಾಕೋ ಸರಿ ಹೋಗ್ತಿಲ್ಲ."

ಈ ಮಾತು ಬಂದ ಕೂಡಲೇ ಎಲ್ಲರೂ ನಟರ ಕಡೆ ತಿರುಗುತ್ತಾರೆ. ಆಯ್ಕೆಯಲ್ಲೇ ಎಡವಿದ್ವಾ ಅಂತ ಚಾನೆಲ್‌ನವರು ಕೇಳುತ್ತಾರೆ. ನಾನು ನೋಡಿದ ಮಟ್ಟಿಗೆ ತೊಂದರೆ ಅಲ್ಲಿರುವುದು ಕಡಿಮೆ. ವೀಕ್ಷಕರಿಗೆ ಅನ್ನಿಸಿದ್ದು ನೂರಕ್ಕೆ ನೂರು ನಿಜ. ಹಾಗೆ ಅನ್ನಿಸಲು ಕಾರಣ ಏನು ಅಂತ ಹುಡುಕುತ್ತಾ ಹೋದರೆ, ಬಹಳ ಸಲ ಅದು ಎಡಿಟಿಂಗ್ ರೂಮಿನಲ್ಲಿ ಸಿಗುತ್ತದೆ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಎದುರುಬದುರು ಮನೆಯ ಇಬ್ಬರು. ಅವಳು ಒಂದು ವಾರ ಬೇರೆ ಊರಿಗೆ ಹೋಗಿದ್ದಳು. ಮನೆಯ ಕೀ ಅವನ ಹತ್ತಿರ ಇತ್ತು. ವಾಪಸ್ ಬಂದವಳಿಗೆ ಕೀ ಕೊಡುತ್ತಾ ಅವನು ಹೇಳುತ್ತಾನೆ:

"ನಿಮ್ಮ ಗಿಡಕ್ಕೆ ದಿನಾ ನೀರು ಹಾಕಿದ್ದೀನಿ."

"ಅದು ಪ್ಲಾಸ್ಟಿಕ್ ಗಿಡ."

ಇಲ್ಲಿ ನಗು ಬರುತ್ತದೆ. ತಕ್ಷಣ ಕಟ್ ಮಾಡಿ ಮುಂದಿನ ದೃಶ್ಯಕ್ಕೆ ಹೋದರೆ ಇದೊಂದು ಸಾಧಾರಣ ಜೋಕ್. ಹುಡುಗ ಪೆದ್ದ, ಹುಡುಗಿ ಚುರುಕು, ಅಷ್ಟೇ. ಈಗ ಕಟ್ ಮಾಡದೆ ಅವಳ ಮುಖವನ್ನು ಇನ್ನೆರಡು ಸೆಕೆಂಡ್ ತೋರಿಸಿ. ಅವಳು ನಗುತ್ತಾಳೆ. ನಗುತ್ತಾ ಇರುವಾಗಲೇ ಅವಳಿಗೆ ಹೊಳೆಯುತ್ತದೆ: ಇವನು ದಿನಾ ಬಂದಿದ್ದಾನೆ. ನಗು ಅರ್ಧಕ್ಕೇ ನಿಲ್ಲುತ್ತದೆ. ಅವಳಿಗೆ ಗೊತ್ತಾಯಿತು ಅನ್ನುವುದು ಅವನಿಗೂ ಗೊತ್ತಾಗುತ್ತದೆ. ಕೀ ಕೈಗಿಟ್ಟು ಸರಸರ ಹೊರಟುಬಿಡುತ್ತಾನೆ. ಒಂದು ಮಾತೂ ಜಾಸ್ತಿ ಸೇರಿಸಿಲ್ಲ. ಆದರೆ ಮೊದಲ ರೂಪವನ್ನು ನೋಡಿದವರು "ಜೋಕ್ ಪರವಾಗಿಲ್ಲ" ಅನ್ನುತ್ತಾರೆ, ಎರಡನೆಯದನ್ನು ನೋಡಿದವರು "ಇಬ್ಬರೂ ಎಷ್ಟು ಚೆನ್ನಾಗಿ ಹೊಂದುತ್ತಾರೆ" ಅನ್ನುತ್ತಾರೆ. ನಟರು ಅವರೇ, ಮಾತೂ ಅದೇ.

ಪ್ರೀತಿ ಕಾಣಿಸುವುದು ಮಾತಾಡುವವರ ಮುಖದಲ್ಲಲ್ಲ, ಕೇಳಿಸಿಕೊಳ್ಳುವವರ ಮುಖದಲ್ಲಿ. ಹೊಸ ಬರಹಗಾರರಿಗೆ ಇದನ್ನು ನಾನು ಹೇಳುತ್ತಲೇ ಇರುತ್ತೇನೆ.

ಹಾಗಾದರೆ ಆ ಎರಡು ಸೆಕೆಂಡನ್ನು ಯಾಕೆ ಬಿಟ್ಟುಕೊಡುತ್ತಾರೆ? ಸಮಯ ಇಲ್ಲ, ಅದಕ್ಕೆ. ಅಮೆರಿಕದ ಟಿವಿಯಲ್ಲಿ ಅರ್ಧ ಗಂಟೆಯ ಸಿಟ್‌ಕಾಮ್ ಅಂದರೆ ಜಾಹೀರಾತು ಕಳೆದು ಉಳಿಯುವುದು ಸುಮಾರು 22 ನಿಮಿಷ. ಮೊದಲ ಎಪಿಸೋಡಿನಲ್ಲಿ ಎಲ್ಲರ ಪರಿಚಯ ಆಗಬೇಕು, ಮನೆ, ಆಫೀಸು, ಗೆಳೆಯರ ಗುಂಪು ಎಲ್ಲ ಕಾಣಬೇಕು. ಎಡಿಟ್ ಮಾಡಿದ ಮೇಲೆ ಎಪಿಸೋಡು ಉದ್ದವಾಗಿಯೇ ಇರುತ್ತದೆ. ಆಗ ಏನು ಕತ್ತರಿಸುವುದು? ಮಾತು ಕತ್ತರಿಸಿದರೆ ಕಥೆ ಅರ್ಥವಾಗುವುದಿಲ್ಲ, ಜೋಕ್ ಕತ್ತರಿಸಿದರೆ ಬರೆದವರು ಬಿಡುವುದಿಲ್ಲ. ಉಳಿಯುವುದು ಸುಮ್ಮನಿರುವ ಜಾಗಗಳು. ಅಲ್ಲೊಂದು ನೋಟ, ಇಲ್ಲೊಂದು ತಡವರಿಕೆ. ಒಂದೊಂದಾಗಿ ನೋಡಿದರೆ ಯಾವುದೂ ದೊಡ್ಡ ನಷ್ಟ ಅಲ್ಲ. ಎಲ್ಲ ಸೇರಿದಾಗ ಆ ಇಬ್ಬರೂ ಒಬ್ಬರ ಪಕ್ಕ ಒಬ್ಬರು ನಿಂತು ನಮಗೆ ಮಾತ್ರ ಡೈಲಾಗ್ ಒಪ್ಪಿಸುತ್ತಿದ್ದಾರೆ ಅನ್ನಿಸುತ್ತದೆ. ವೀಕ್ಷಕರಿಗೆ ಎಡಿಟಿಂಗ್ ಗೊತ್ತಿರಬೇಕಿಲ್ಲ. ಏನೋ ಕಮ್ಮಿ ಆಗಿದೆ ಅಂತ ಅವರಿಗೆ ಗೊತ್ತಾಗುತ್ತದೆ, ಅದನ್ನು ಜೋಡಿಯ ಲೆಕ್ಕಕ್ಕೆ ಹಾಕುತ್ತಾರೆ.

ಮಾತು ಒಂದರಿಂದಲೇ ಜೋಡಿ ಆಗುವುದಿಲ್ಲ ಅನ್ನುವುದಕ್ಕೆ ಟಿವಿ ಇತಿಹಾಸದಲ್ಲೇ ಒಂದು ಉದಾಹರಣೆ ಇದೆ. ಬಿಬಿಸಿಯಲ್ಲಿ 2000ರಲ್ಲಿ ಶುರುವಾದ 'ಕಪ್ಲಿಂಗ್' ಅನ್ನುವ ಸಿಟ್‌ಕಾಮ್ ಚೆನ್ನಾಗಿ ಓಡಿತು. ಅಮೆರಿಕದ ಎನ್‌ಬಿಸಿ ಅದನ್ನು 2003ರಲ್ಲಿ ತನ್ನ ನಟರನ್ನು ಹಾಕಿಕೊಂಡು ಮತ್ತೆ ಮಾಡಿತು. ಶುರುವಿನ ಎಪಿಸೋಡುಗಳಿಗೆ ಬ್ರಿಟಿಷ್ ಸ್ಕ್ರಿಪ್ಟನ್ನೇ ಹೆಚ್ಚುಕಮ್ಮಿ ಹಾಗೇ ಬಳಸಿಕೊಂಡರು. ನಾಲ್ಕು ಎಪಿಸೋಡು ಪ್ರಸಾರವಾಗುವಷ್ಟರಲ್ಲಿ ಅದನ್ನು ನಿಲ್ಲಿಸಿದರು. ಅದಕ್ಕೆ ಕಾರಣ ಒಂದೇ ಇರಲಿಕ್ಕಿಲ್ಲ. ಆದರೆ ಒಂದು ಕಡೆ ಜನರನ್ನು ನಗಿಸಿದ ಮಾತು ಇನ್ನೊಂದು ಕಡೆ ತಾನಾಗಿಯೇ ನಗಿಸಲಿಲ್ಲ.

ಪ್ರಸಾರಕ್ಕೆ ಮೊದಲೇ ಒಂದಷ್ಟು ಜನರಿಗೆ ತೋರಿಸಿ ಅಭಿಪ್ರಾಯ ಕೇಳುವ ಪದ್ಧತಿ ಟಿವಿಗಿಂತ ಹಳೆಯದು. ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ನ ಫ್ರಾಂಕ್ ಸ್ಟಾಂಟನ್ ಸೇರಿ ರೇಡಿಯೋ ಕಾಲದಲ್ಲೇ ಒಂದು ಯಂತ್ರ ಮಾಡಿದ್ದರು. ಕೇಳುವವರ ಕೈಯಲ್ಲಿ ಎರಡು ಗುಂಡಿ. ಇಷ್ಟವಾದರೆ ಹಸಿರು, ಇಷ್ಟವಾಗದಿದ್ದರೆ ಕೆಂಪು. ಎರಡನ್ನೂ ಒತ್ತದೆ ಇದ್ದರೆ, ಇಷ್ಟವೂ ಇಲ್ಲ, ಬೇಸರವೂ ಇಲ್ಲ ಅಂತ ಲೆಕ್ಕ. ರೊಮ್ಯಾಂಟಿಕ್ ಕಾಮಿಡಿಗೆ ಈ ಮೂರನೆಯ ಲೆಕ್ಕವೇ ಕಷ್ಟ. ಅವಳ ನಗು ಅರ್ಧಕ್ಕೆ ನಿಂತಾಗ ನೋಡುವವರು ಗುಂಡಿ ಒತ್ತುವುದನ್ನೇ ಮರೆತು ಕೂತಿರುತ್ತಾರೆ. ಕಾಗದದ ಮೇಲೆ ಅದು ಸಪ್ಪೆ ಜಾಗ ಅಂತ ಬರುತ್ತದೆ. ಹಾಗಾಗಿ ಪರೀಕ್ಷಾ ಪ್ರದರ್ಶನ ಇದ್ದರೆ ನಾನು ಪರದೆ ನೋಡದೆ ಜನರನ್ನು ನೋಡುತ್ತೇನೆ. ಯಾರು ಫೋನ್ ಕೆಳಗಿಟ್ಟರು, ಪಕ್ಕದವರ ಜೊತೆ ಮಾತಾಡುತ್ತಿದ್ದವರು ಎಲ್ಲಿ ನಿಲ್ಲಿಸಿದರು ಅಂತ ಬರೆದುಕೊಳ್ಳುತ್ತೇನೆ. ಕೊನೆಗೆ ತುಂಬಿಸುವ ಫಾರ್ಮಿಗಿಂತ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಜನರ ತಕ್ಷಣದ ಪ್ರತಿಕ್ರಿಯೆ ಕಥೆಯನ್ನೇ ತಿರುಗಿಸಿದ್ದೂ ಇದೆ. ಆರು ಜನ ಗೆಳೆಯರ ಕಥೆಯ ಅಮೆರಿಕದ ಸಿಟ್‌ಕಾಮ್ 'ಫ್ರೆಂಡ್ಸ್' 1998ರಲ್ಲಿ ಲಂಡನ್‌ನಲ್ಲಿ ಚಿತ್ರೀಕರಣ ಮಾಡಿದಾಗ, ಚಾಂಡ್ಲರ್ ಪಕ್ಕದಲ್ಲಿ ಹೊದಿಕೆಯೊಳಗಿಂದ, ಅದುವರೆಗೆ ಬರೀ ಸ್ನೇಹಿತೆಯಾಗಿದ್ದ ಮೋನಿಕಾ ಎದ್ದು ಬರುವ ದೃಶ್ಯಕ್ಕೆ ಸ್ಟುಡಿಯೋದಲ್ಲಿ ಕೂತಿದ್ದ ಜನ ಕೂಗಿದ ಕೂಗು ಬೇಗ ನಿಲ್ಲಲಿಲ್ಲ. ಬರಹಗಾರರ ಮನಸ್ಸಿನಲ್ಲಿ ಅದು ಸ್ವಲ್ಪ ದಿನದ ಸಂಬಂಧವಾಗಿತ್ತು. ಆ ಕೂಗು ಕೇಳಿದ ಮೇಲೆ ಅದನ್ನು ಬೆಳೆಸಿದರು, ಮದುವೆಯವರೆಗೂ ಒಯ್ದರು. ಇವರಿಬ್ಬರನ್ನು ಸೇರಿಸಿ ಅಂತ ಮುಂಚೆ ಯಾರನ್ನಾದರೂ ಕೇಳಿದ್ದರೆ ಅಷ್ಟು ಜನ ಹೂಂ ಅನ್ನುತ್ತಿದ್ದರಾ? ನನಗಂತೂ ಅನುಮಾನ.

ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡದ್ದು 'ಹೌ ಐ ಮೆಟ್ ಯುವರ್ ಮದರ್', ತಂದೆಯೊಬ್ಬ ತಾನು ಅವರ ತಾಯಿಯನ್ನು ಭೇಟಿಯಾದ ಕಥೆಯನ್ನು ಮಕ್ಕಳಿಗೆ ಹೇಳುವ ಸಿಟ್‌ಕಾಮ್. ಮಕ್ಕಳ ಪಾತ್ರ ಮಾಡಿದವರು ಬೆಳೆದುಬಿಡುತ್ತಾರೆ ಅಂತ ಕೊನೆಯ ದೃಶ್ಯದಲ್ಲಿ ಅವರ ಭಾಗವನ್ನು ಶುರುವಿನ ಸೀಸನ್‌ಗಳಲ್ಲೇ ಚಿತ್ರೀಕರಿಸಿ ಇಟ್ಟಿದ್ದರು. ಒಂಬತ್ತು ಸೀಸನ್‌ಗಳಲ್ಲಿ ನೋಡುವವರ ಮನಸ್ಸು ಬೇರೆ ಕಡೆ ಹೋಗಿತ್ತು. 2014ರಲ್ಲಿ ಆ ಹಳೆಯ ಯೋಜನೆಯಂತೆಯೇ ನಾಯಕ ಕೊನೆಗೆ ಹಳೆಯ ಗೆಳತಿಯ ಬಳಿಗೆ ಹೋಗಿ ಕಥೆ ಮುಗಿದಾಗ ಸಿಟ್ಟಾದವರು ಬಹಳ ಜನ. ಕೊನೆಗೆ ಡಿವಿಡಿಯಲ್ಲಿ ಇನ್ನೊಂದು ಮುಕ್ತಾಯವನ್ನೂ ಕೊಟ್ಟರು. ಬರೆದವರ ಹಟ ನನಗೆ ಅರ್ಥವಾಗುತ್ತದೆ. ಆದರೂ ವರ್ಷಗಟ್ಟಲೆ ಜೊತೆಗಿದ್ದ ವೀಕ್ಷಕರ ಮನಸ್ಸು ಎತ್ತ ಹೋಗಿದೆ ಅಂತ ನೋಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

"ಬೇಗ ಸೇರಿಸಿ" ಅನ್ನುವ ಒತ್ತಾಯಕ್ಕೆ ಬರಹಗಾರರು ಜಾಸ್ತಿ ಹೆದರುತ್ತಾರೆ. ಸೇರಿಸಿದರೆ ಶೋ ಸತ್ತಂತೆ ಅನ್ನುವ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದಕ್ಕೆ ಎಲ್ಲರೂ ತೋರಿಸುವುದು 'ಮೂನ್‌ಲೈಟಿಂಗ್' ಕಡೆಗೆ. ಅದು ಒಂದು ಗಂಟೆಯ ಪತ್ತೇದಾರಿ ಹಾಸ್ಯ, 1985ರಿಂದ 1989ರವರೆಗೆ ಬಂತು. 1987ರಲ್ಲಿ ಜೋಡಿ ಸೇರಿತು, ಆಮೇಲೆ ಇಳಿಯಿತು ಅನ್ನುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ನಾಯಕಿ ಗರ್ಭಿಣಿಯಾಗಿದ್ದರು, ನಾಯಕ ಸಿನಿಮಾದಲ್ಲಿ ಬಿಡುವಿಲ್ಲದೆ ಇದ್ದರು, ಎಪಿಸೋಡುಗಳು ಸಮಯಕ್ಕೆ ತಯಾರಾಗುತ್ತಿರಲಿಲ್ಲ, 1988ರಲ್ಲಿ ಬರಹಗಾರರ ಮುಷ್ಕರವೂ ಬಂತು. ಜೋಡಿ ಸೇರಿದ ಮೇಲೆ ಪರದೆಯ ಮೇಲೆ ಒಟ್ಟಿಗೆ ಇದ್ದದ್ದೇ ಕಡಿಮೆ. ಇದನ್ನೆಲ್ಲ ಬಿಟ್ಟು ಸೇರಿಸಿದ್ದೇ ತಪ್ಪು ಅನ್ನುವುದು ಸರಿಯಲ್ಲ. ಮೋನಿಕಾ, ಚಾಂಡ್ಲರ್ ಸೇರಿದ ಮೇಲೂ 'ಫ್ರೆಂಡ್ಸ್' 2004ರವರೆಗೆ ನಡೆಯಿತಲ್ಲ?

ಒಂದು ದೂರನ್ನು ಮಾತ್ರ ನಾನು ಯಾವ ವ್ಯಾಖ್ಯಾನವೂ ಇಲ್ಲದೆ, ಬಂದ ಹಾಗೇ ಬರಹಗಾರರ ಮುಂದಿಡುತ್ತೇನೆ. ಅವಳು ಬೇಡ ಅಂದ ಮೇಲೂ ಅವನು ಹಿಂದೆ ಬೀಳುತ್ತಾನೆ, ಅದನ್ನು ತಮಾಷೆ ಅಂತ ತೋರಿಸಿದ್ದೀರಿ ಅನ್ನುವ ದೂರು. ಇದನ್ನು ಹೇಳುವ ಹೆಣ್ಣುಮಕ್ಕಳು ಕಥೆ ಅರ್ಥವಾಗದೆ ಹೇಳುತ್ತಿಲ್ಲ. ದಿನನಿತ್ಯ ಅನುಭವಿಸಿ ಹೇಳುತ್ತಿದ್ದಾರೆ. "ಮುಂದಿನ ಎಪಿಸೋಡಲ್ಲಿ ಅವನು ಬದಲಾಗ್ತಾನೆ, ಕಾಯಿರಿ" ಅನ್ನುವ ಉತ್ತರ ನನಗೆ ಒಪ್ಪಿಗೆಯಿಲ್ಲ. ಇವತ್ತಿನ ಎಪಿಸೋಡಿನಲ್ಲಿ ದೃಶ್ಯದ ಹಿಂದೆ ಕೇಳಿಸುವ ನಗುವಿನ ಸದ್ದು ಅವನ ಪರವಾಗಿ ಬಂದಿದೆ. ಅದನ್ನು ತೆಗೆಯಬೇಕು, ಇಲ್ಲವೇ ದೃಶ್ಯವನ್ನೇ ಮತ್ತೆ ಬರೆಯಬೇಕು. ಮೇಲೆ ಹೇಳಿದ ಗಿಡದ ದೃಶ್ಯದಲ್ಲೂ ಊರಿಗೆ ಹೋಗುವ ಮುಂಚೆ ಅವನಿಗೆ ಕೀ ಕೊಟ್ಟವಳು ಅವಳೇ. ಅವನಾಗಿಯೇ ಬಾಗಿಲು ತೆರೆದುಕೊಂಡು ಬಂದಿದ್ದರೆ ಅಲ್ಲಿ ನಗುವುದಕ್ಕೆ ಏನೂ ಇರುತ್ತಿರಲಿಲ್ಲ.

ಉಳಿದ ದೂರುಗಳಿಗೆ ಸಮಯ ಕೊಡಬಹುದು. ಬಾರ್ ಮಾಲೀಕ ಸ್ಯಾಮ್ ಮತ್ತು ಅಲ್ಲಿ ಕೆಲಸಕ್ಕೆ ಸೇರುವ ಡಯಾನ್ ಇಬ್ಬರ ಜಗಳ, ಪ್ರೀತಿಯ ಮೇಲೆ ನಿಂತಿದ್ದ ಅಮೆರಿಕದ ಸಿಟ್‌ಕಾಮ್ 'ಚಿಯರ್ಸ್' 1982ರಲ್ಲಿ ಶುರುವಾದಾಗ ರೇಟಿಂಗ್ ಪಟ್ಟಿಯಲ್ಲಿ ತಳದ ಹತ್ತಿರ ಇತ್ತು. ಚಾನೆಲ್ ಕೈಬಿಡಲಿಲ್ಲ. 1993ರವರೆಗೆ, 11 ಸೀಸನ್ ಬಂತು. ಎಲ್ಲಾ ಶೋಗೂ ಹೀಗಾಗುವುದಿಲ್ಲ, ನಿಜ. ಕಾದರೆ ಸರಿಹೋಗುತ್ತದಾ, ಇಲ್ಲವಾ ಅಂತ ತಿಳಿಯಲು ನಾನು ನಾಲ್ಕನೇ, ಐದನೇ ವಾರದ ಪ್ರತಿಕ್ರಿಯೆಗಳನ್ನು ಓದುತ್ತೇನೆ. ಮೊದಲ ವಾರ ಜನ ನಟರ ಹೆಸರು ಹಿಡಿದು ಮಾತಾಡುತ್ತಾರೆ: ಅವರು ಚೆನ್ನಾಗಿ ಮಾಡಿದ್ದಾರೆ, ಇವರದ್ದು ಓವರ್ ಆಯ್ತು. ಐದನೇ ವಾರದ ಹೊತ್ತಿಗೆ ಪಾತ್ರದ ಹೆಸರು ಹಿಡಿದು, ನಿನ್ನೆಯ ಜಗಳದಲ್ಲಿ ಯಾರದ್ದು ತಪ್ಪು ಅಂತ ವಾದಕ್ಕೆ ಇಳಿದಿದ್ದರೆ, ರೇಟಿಂಗ್ ಕಡಿಮೆ ಇದ್ದರೂ ಚಾನೆಲ್‌ನವರ ಹತ್ತಿರ ಇನ್ನಷ್ಟು ಎಪಿಸೋಡು ಕೊಡಿ ಅಂತ ಧೈರ್ಯವಾಗಿ ಕೇಳುತ್ತೇನೆ.