ಕೆಳಗಿನ ಸೆಟ್ಟು ಯಾಕೆ ನಿಲ್ಲುವುದಿಲ್ಲ?

ಹಾಸನದ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಹಲ್ಲುಸೆಟ್ಟು ಬಾಯಲ್ಲಿರುವುದಕ್ಕಿಂತ ಗೂಡಿನಲ್ಲಿರುವುದೇ ಹೆಚ್ಚು. ಮಗನೋ ಮಗಳೋ ಹಟ ಹಿಡಿದು ಕಟ್ಟಿಸಿಕೊಟ್ಟಿರುತ್ತಾರೆ. ಮದುವೆಗೆ, ಫೋಟೊಗೆ ಅಂದರೆ ಹಾಕಿಕೊಳ್ಳುತ್ತಾರೆ, ಊಟಕ್ಕೆ ಕೂತರೆ ತೆಗೆದಿಡುತ್ತಾರೆ. ಯಾಕಜ್ಜಿ ಅಂದರೆ, "ಮೇಲಿಂದು ಪರವಾಗಿಲ್ಲ ಕಣಪ್ಪ, ಕೆಳಗಿಂದು ನಿಲ್ಲೋದೇ ಇಲ್ಲ. ಡಾಕ್ಟ್ರು ಸರಿಯಾಗಿ ಮಾಡ್ಕೊಟ್ಟಿಲ್ಲ" ಎನ್ನುತ್ತಾರೆ. ಅಜ್ಜಿಯ ದೂರು ನಿಜ. ಆದರೆ ತಪ್ಪು ಎಲ್ಲ ಸಲವೂ ಡಾಕ್ಟರದ್ದಲ್ಲ.

ಮೇಲಿನ ಸೆಟ್ಟನ್ನು ಹಿಡಿದಿಡುವುದು ಎಂಜಲು. ಒದ್ದೆಯಾದ ಎರಡು ಗಾಜಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಬಿಡಿಸಲು ಕಷ್ಟವಾಗುತ್ತದಲ್ಲ, ಅಂಗುಳಕ್ಕೂ ಸೆಟ್ಟಿಗೂ ನಡುವೆ ಹರಡಿಕೊಳ್ಳುವ ಎಂಜಲಿನ ತೆಳು ಪದರವೂ ಹಾಗೆಯೇ ಅಂಟು ಹಿಡಿಯುತ್ತದೆ. ಸುತ್ತಲ ಅಂಚು ಮೆತ್ತಗಿನ ಚರ್ಮಕ್ಕೆ ಒತ್ತಿಕೊಂಡಿರುವುದರಿಂದ ಗಾಳಿ ಒಳನುಗ್ಗುವುದಿಲ್ಲ. ಇದಕ್ಕೆ ಅಗಲ ಜಾಗ ಬೇಕು. ಹಲ್ಲಿಲ್ಲದ ಮೇಲ್ದವಡೆಯಲ್ಲಿ ಅಂಗುಳವೂ ಸೇರಿ ಸುಮಾರು 23 ಚದರ ಸೆಂಟಿಮೀಟರ್ ಜಾಗ ಸಿಗುತ್ತದೆ. ಕೆಳಗೆ ನಾಲಿಗೆಗೆ ದಾರಿ ಬಿಡಬೇಕಾದ್ದರಿಂದ ಲಾಳದಾಕಾರದ ಕಿರಿದಾದ ಪಟ್ಟಿ ಮಾತ್ರ ಉಳಿಯುತ್ತದೆ, ಸುಮಾರು 12 ಚದರ ಸೆಂಟಿಮೀಟರ್. ಜಾಗ ಅರ್ಧ, ಸಾಲದ್ದಕ್ಕೆ ಒಳಗಿನಿಂದ ನಾಲಿಗೆ ತಳ್ಳುತ್ತದೆ, ಹೊರಗಿನಿಂದ ಕೆನ್ನೆ ಮತ್ತು ತುಟಿ ಒತ್ತುತ್ತವೆ. ಎಷ್ಟೇ ಚೆನ್ನಾಗಿ ಮಾಡಿದ ಕೆಳಸೆಟ್ಟೂ ಮೊದಮೊದಲು ಅಲುಗಾಡುವುದು ಇದಕ್ಕೇ.

ದವಡೆಯ ಮೂಳೆಯದು ಇನ್ನೊಂದು ಕಥೆ. ಹಲ್ಲಿನ ಬೇರು ಹಿಡಿದಿರುವ ಮೂಳೆ ಹಲ್ಲು ಇರುವಷ್ಟು ದಿನ ಉಳಿಯುತ್ತದೆ. ಕಿತ್ತ ಮೇಲೆ ದೇಹ ಅದನ್ನು ಮೆಲ್ಲಗೆ ಕರಗಿಸಿಕೊಳ್ಳುತ್ತದೆ. ಮೊದಲ ಆರು ತಿಂಗಳಿಂದ ಒಂದು ವರ್ಷದವರೆಗೆ ಕರಗುವಿಕೆ ಜೋರು, ಆಮೇಲೆ ನಿಧಾನ, ಪೂರ್ತಿ ನಿಲ್ಲುವುದಂತೂ ಇಲ್ಲ. ಹಲ್ಲುಸೆಟ್ಟು ಹಾಕಿಕೊಂಡವರನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 1972ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕೆಳದವಡೆಯ ಏಣು, ಅಂದರೆ ಹಲ್ಲು ಹೋದ ಮೇಲೆ ಉಳಿಯುವ ಮೂಳೆಯ ದಿಬ್ಬ, ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ. ಏಣು ತಗ್ಗಾದಷ್ಟೂ ಸೆಟ್ಟಿಗೆ ಹಿಡಿತ ಕಡಿಮೆ. ನಮ್ಮ ಸೀಮೆಯಲ್ಲಿ ಮುದ್ದೆ ನುಂಗಿಕೊಂಡು ಹಲ್ಲಿಲ್ಲದೆಯೂ ವರ್ಷಗಟ್ಟಲೆ ಕಾಲ ಹಾಕಬಹುದು. ಹಾಗಾಗಿ ಎಷ್ಟೋ ಜನ ಹಲ್ಲು ಕಟ್ಟಿಸುವುದನ್ನು ಮುಂದೂಡುತ್ತಲೇ ಹೋಗುತ್ತಾರೆ. ಮುದ್ದೆಯೇನೋ ಇಳಿಯುತ್ತದೆ, ಜೊತೆಗಿನ ಸೊಪ್ಪು, ಕಾಳು, ಮಾಂಸ ಮಾತ್ರ ತಟ್ಟೆಯಲ್ಲೇ ಉಳಿಯುತ್ತವೆ. ವಯಸ್ಸಾದವರಿಗೆ ಹೆಚ್ಚು ಬೇಕಾದದ್ದೇ ಅವು. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಹೊಸ ಸೆಟ್ಟು ಬಾಯಿಗೆ ಹೋದ ಕೂಡಲೇ ಬಾಯಿ ಅದನ್ನು ತುತ್ತೆಂದೇ ತಿಳಿಯುತ್ತದೆ. ಜೊಲ್ಲು ಸುರಿಯುತ್ತದೆ, ಕೆಲವರಿಗೆ ಓಕರಿಕೆ ಬಂದಂತಾಗುತ್ತದೆ. ದಿನ ಕಳೆದಂತೆ ಮೆದುಳು ಇದು ತಿನ್ನುವ ವಸ್ತುವಲ್ಲ ಎಂದು ಒಪ್ಪಿಕೊಂಡು ಜೊಲ್ಲು ಹತೋಟಿಗೆ ಬರುತ್ತದೆ. ಮಾತೂ ತೊದಲುತ್ತದೆ, ಅದರಲ್ಲೂ 'ಸ', 'ಶ' ಬಂದಲ್ಲಿ ಸಿಳ್ಳೆ ಹೊಡೆದಂತಾಗುತ್ತದೆ. ಬೆಳಗಿನ ಪೇಪರನ್ನು ಹತ್ತು ನಿಮಿಷ ಜೋರಾಗಿ ಓದುವುದೇ ಇದಕ್ಕೆ ಮದ್ದು. ನಾಲಿಗೆ ತನ್ನ ಹೊಸ ಗುರಿಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಅಷ್ಟೇ ಅಲ್ಲ, ಕೆಳಸೆಟ್ಟನ್ನು ಒತ್ತಿ ಕೂರಿಸುವ ಕೆಲಸವನ್ನೂ ಕೆನ್ನೆ ಮತ್ತು ನಾಲಿಗೆ ಕಲಿಯುತ್ತವೆ. ಮೊದಲು ತಳ್ಳುತ್ತಿದ್ದ ಸ್ನಾಯುಗಳೇ ವಾರಗಳು ಕಳೆದ ಮೇಲೆ ಹಿಡಿದಿಡುತ್ತವೆ. ಸೆಟ್ಟು ಗೂಡಿನಲ್ಲಿದ್ದರೆ ಈ ಕಲಿಕೆ ಆಗುವುದಾದರೂ ಹೇಗೆ?

ಊಟದಲ್ಲಿ ಮೊದಮೊದಲು ಬೇಯಿಸಿದ ಆಲೂಗಡ್ಡೆ, ಇಡ್ಲಿ, ಹಿತಕಿದ ಅವರೆಕಾಳಿನ ಸಾರು. ಅಕ್ಕಿರೊಟ್ಟಿ ಸ್ವಲ್ಪ ದಿನ ತಡೆಯಲಿ. ಸಣ್ಣ ತುತ್ತು ಮಾಡಿ ಎರಡೂ ಕಡೆ ಒಟ್ಟಿಗೆ ಅಗಿಯಬೇಕು. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಮೇಲೇಳುತ್ತದೆ, ಮುಂದಿನ ಹಲ್ಲಿನಿಂದ ಸೀಬೆಹಣ್ಣು ಕಚ್ಚಿದರೆ ಹಿಂದಿನ ಅಂಚು ಕಳಚುತ್ತದೆ. ಪೂರ್ತಿ ಸೆಟ್ಟಿನವರ ಅಗಿಯುವ ಬಲ ಸ್ವಂತ ಹಲ್ಲಿನವರದಕ್ಕೆ ಹೋಲಿಸಿದರೆ ಸುಮಾರು ಕಾಲು ಭಾಗ, ಕೆಲವೊಮ್ಮೆ ಇನ್ನೂ ಕಡಿಮೆ. ಗಟ್ಟಿ ಅಡಿಕೆಯ ಆಸೆಯನ್ನು ಬಿಟ್ಟೇಬಿಡುವುದು ಒಳ್ಳೆಯದು.

ಚಿಕ್ಕಮಗಳೂರಿನವರಿಗೆ ಕಾಫಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸೆಟ್ಟು ಮಾಡುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಅಂಗುಳ ಮುಚ್ಚಿಕೊಂಡಿರುವುದರಿಂದ ಕಾಫಿ ಎಷ್ಟು ಬಿಸಿಯಿದೆಯೆಂದು ಬಾಯಿಗೆ ಬೇಗ ಗೊತ್ತಾಗದೆ ಗಂಟಲು ಸುಟ್ಟುಕೊಳ್ಳಬಹುದು. ಮೊದಲ ಗುಟುಕನ್ನು ತುಟಿಯಲ್ಲಿ ನೋಡಿಕೊಂಡೇ ಕುಡಿಯಿರಿ.

ಹುಣ್ಣಾಗುವುದು ಸಾಮಾನ್ಯ. ಆಗ ಡಾಕ್ಟರು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಸೆಟ್ಟಿನ ಒಳಮೈಗೆ ಬಿಳಿಯ ಕ್ರೀಮಿನಂಥದ್ದನ್ನು ತೆಳ್ಳಗೆ ಸವರಿ ಬಾಯಲ್ಲಿ ಕೂರಿಸಿ ಒತ್ತುತ್ತಾರೆ. ತೆಗೆದು ನೋಡಿದರೆ ಬಿಳಿಯ ನಡುವೆ ಒಂದು ಕಡೆ ಮಾತ್ರ ಕ್ರೀಮು ಸರಿದು ಗುಲಾಬಿ ಅಕ್ರಿಲಿಕ್ ಇಣುಕುತ್ತಿರುತ್ತದೆ. ಒತ್ತುತ್ತಿರುವುದು ಅಲ್ಲೇ. ಆ ಚುಕ್ಕೆಯಷ್ಟನ್ನೇ ಸಣ್ಣ ಯಂತ್ರದಿಂದ ಉಜ್ಜುತ್ತಾರೆ. ಮನೆಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿದರೆ ಎಲ್ಲಿ ತೆಗೆಯಬೇಕೆಂಬುದೇ ತಿಳಿಯದೆ ಹಿಡಿತವೇ ಹಾಳಾಗುತ್ತದೆ. ನೋವೆಂದು ತೆಗೆದಿಟ್ಟಿದ್ದರೂ ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಹಾಕಿಕೊಂಡಿದ್ದು ಹೋಗಿ, ಗುರುತು ಕಂಡರೆ ಅವರಿಗೆ ಸುಲಭ. ಇಂಥ ಎರಡು ಮೂರು ಭೇಟಿಗಳೂ ಚಿಕಿತ್ಸೆಯ ಭಾಗವೇ. ಹಳ್ಳಿಯಿಂದ ಬಸ್ಸು ಹಿಡಿದು ಬರುವವರಿಗೆ ಇದನ್ನು ಅಳತೆ ತೆಗೆಯುವ ದಿನವೇ ಬಿಡಿಸಿ ಹೇಳಬೇಕು.

ತೊಳೆಯಲು ಮೆತ್ತನೆಯ ಬ್ರಷ್ಷು, ಸಾದಾ ಸೋಪು, ತಣ್ಣೀರು ಸಾಕು. ಹಲ್ಲುಪುಡಿ, ಬೂದಿ, ಉಪ್ಪು, ಟೂತ್‌ಪೇಸ್ಟ್ ಬೇಡ. ಇವು ಅಕ್ರಿಲಿಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಎಳೆಯುತ್ತವೆ, ಗೀರಿನಲ್ಲಿ ಕಾಫಿ ಕರೆಯೂ ರೋಗಾಣುಗಳೂ ಕೂರುತ್ತವೆ. ಕುದಿಯುವ ನೀರು ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ. ಕೈಜಾರಿ ಬಿದ್ದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ. ಒಡೆದರೆ ಅಂಗಡಿಯ ಅಂಟು ಹಾಕಬೇಡಿ, ತುಂಡುಗಳನ್ನು ಹಾಗೆಯೇ ಡಾಕ್ಟರಿಗೆ ಕೊಡಿ.

ರಾತ್ರಿ ತೆಗೆದು ನೀರಿನಲ್ಲಿಡಬೇಕು, ಒಣಗಿದರೆ ಅಕ್ರಿಲಿಕ್ಕಿನ ಆಕಾರ ಬದಲಾಗುತ್ತದೆ. ಬಾಯಿಗೂ ವಿಶ್ರಾಂತಿ ಬೇಕು. ಹಗಲೂ ರಾತ್ರಿ ಹಾಕಿಕೊಂಡೇ ಇದ್ದರೆ ಸೆಟ್ಟಿನಡಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದು ಅಂಗುಳ ಕೆಂಪಗಾಗುತ್ತದೆ. ಬಹಳ ಸಲ ನೋವಿರುವುದಿಲ್ಲವಾದ್ದರಿಂದ ಗೊತ್ತೇ ಆಗುವುದಿಲ್ಲ. ಜಪಾನಿನಲ್ಲಿ 85 ದಾಟಿದ 524 ಮಂದಿಯನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಸಂಭವ ಸುಮಾರು ಎರಡು ಪಟ್ಟು ಕಂಡುಬಂದಿತು. ಮಲಗಿದ್ದಲ್ಲೇ ಇರುವ ಅಜ್ಜ ಅಜ್ಜಿಯನ್ನು ನೋಡಿಕೊಳ್ಳುವವರು ರಾತ್ರಿ ಸೆಟ್ಟು ತೆಗೆಸುವುದನ್ನು ಮಾತ್ರೆ ಕೊಡುವಷ್ಟೇ ನೇಮದಿಂದ ಮಾಡಬೇಕು.

ಖರ್ಚಿನ ಚಿಂತೆಯಿದ್ದರೆ, ಬಿಪಿಎಲ್ ಕುಟುಂಬದ ಹಿರಿಯರಿಗೆಂದು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿದೆ. ಈಗಿನ ನಿಯಮವನ್ನು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ. ಹಾಸನದಲ್ಲೇ ಹಾಸನಾಂಬ ದಂತ ವೈದ್ಯಕೀಯ ಕಾಲೇಜೂ ಇದೆ.

ಮೂಳೆ ಸವೆಯುತ್ತಲೇ ಇರುವುದರಿಂದ ಇಂದು ಸರಿಯಾಗಿ ಕೂತ ಸೆಟ್ಟು ಎರಡು ಮೂರು ವರ್ಷಕ್ಕೆ ಸಡಿಲವಾಗಬಹುದು. ಆಗ ಒಳಮೈಗೆ ಹೊಸ ಪದರ ಕೂರಿಸಿದರೆ ಸಾಕಾಗಬಹುದು, ಹೊಸದೇ ಬೇಕೆಂದೇನಿಲ್ಲ. ಹಲ್ಲೇ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಬಾಯಿ ತೋರಿಸಬೇಕು. ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದವರಲ್ಲಂತೂ, ಸೆಟ್ಟು ಒತ್ತಿ ಆದ ಹುಣ್ಣು ಅಂದುಕೊಂಡದ್ದು ಎರಡು ವಾರವಾದರೂ ಮಾಯದಿದ್ದರೆ ಒಂದು ದಿನವೂ ತಡಮಾಡದೆ ಪರೀಕ್ಷೆ ಮಾಡಿಸಿ. ಕ್ಯಾನ್ಸರ್ ಶುರುವಾಗುವುದೂ ಎಷ್ಟೋ ಸಲ ಇಂಥದೇ ಹುಣ್ಣಿನ ರೂಪದಲ್ಲಿ, ಆ ಹಂತದಲ್ಲಿ ಅದನ್ನು ಗುಣಪಡಿಸುವ ಅವಕಾಶ ಹೆಚ್ಚು.