ವಿಡಿಯೋ ನಿಂತಾಗ ಮೊದಲು ನೋಡಬೇಕಾದದ್ದು ಸ್ಪೀಡನ್ನಲ್ಲ

‘ವಿಡಿಯೋ ನಿಂತು ನಿಂತು ಬರುತ್ತಿದೆ’ ಎಂದು ನನ್ನನ್ನು ಕರೆಸುವ ಮನೆಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತು ಕೇಳಿಬರುತ್ತದೆ: ‘ನೆಟ್ ಪ್ಲ್ಯಾನ್ ದೊಡ್ಡದು ಮಾಡಿಸಿ ಆಯಿತು ಸರ್, ಆದರೂ ಹಾಗೇ ಇದೆ.’ ಹಾಗೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಫುಲ್ ಎಚ್‌ಡಿ ವಿಡಿಯೋಗೆ ಸೆಕೆಂಡಿಗೆ 5 ಮೆಗಾಬಿಟ್ ಇದ್ದರೆ ಸಾಕು ಎಂದು ನೆಟ್‌ಫ್ಲಿಕ್ಸ್, ಯೂಟ್ಯೂಬ್ ಎರಡೂ ಹೇಳುತ್ತವೆ. 4ಕೆ ಬೇಕೆಂದರೆ ನೆಟ್‌ಫ್ಲಿಕ್ಸ್ 15 ಕೇಳುತ್ತದೆ, ಯೂಟ್ಯೂಬ್ 20. ಮನೆಗೆ 50 ಮೆಗಾಬಿಟ್ ಬರುತ್ತಿದ್ದೂ ಒಂದೇ ಒಂದು ವಿಡಿಯೋ ಮುಗ್ಗರಿಸುತ್ತಿದ್ದರೆ, ಅದನ್ನು 200ಕ್ಕೆ ಏರಿಸಿದಾಗ ಬದಲಾಗುವುದು ಬಿಲ್ ಮಾತ್ರ.

ಬೀಸುವ ಕಲ್ಲು ನಿಂತಿತೆಂದರೆ ಕಾಳು ಮುಗಿದಿರಬಹುದು, ಬೀಸುವವರ ಕೈ ಸೋತಿರಬಹುದು, ಇಲ್ಲವೇ ಯಾರೋ ‘ಸಾಕು, ನಿಲ್ಲಿಸು’ ಎಂದಿರಬಹುದು. ವಿಡಿಯೋ ನಿಲ್ಲುವುದಕ್ಕೂ ಈ ಮೂರೇ ದಾರಿ: ಡೇಟಾ ಬಂದು ತಲುಪುತ್ತಿಲ್ಲ, ಬಂದದ್ದನ್ನು ಬಿಡಿಸಿ ತೋರಿಸಲು ಕಂಪ್ಯೂಟರಿಗೆ ಆಗುತ್ತಿಲ್ಲ, ಅಥವಾ ಎಲ್ಲಿಂದಲೋ ‘ಪಾಸ್’, ಅಂದರೆ ‘ಸದ್ಯ ನಿಲ್ಲಿಸು’, ಎಂಬ ಆದೇಶ ಬಂದಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ತಿಳಿಯುವ ಮುನ್ನ ರೌಟರ್ ಬದಲಿಸುವುದು, ವಿಂಡೋಸ್ ಹೊಸದಾಗಿ ಹಾಕಿಸುವುದು ದುಡ್ಡು ದಂಡ.

ಪರದೆಯೇ ಬಹುಪಾಲು ಉತ್ತರ ಹೇಳಿಬಿಡುತ್ತದೆ. ಚಿತ್ರ, ಧ್ವನಿ ಎರಡೂ ಒಟ್ಟಿಗೆ ನಿಂತು ನಡುವೆ ಚಕ್ರ ಸುತ್ತುತ್ತಿದ್ದರೆ ಡೇಟಾ ಬರುತ್ತಿಲ್ಲ. ಧ್ವನಿ ಸಲೀಸಾಗಿ ಹೋಗುತ್ತಿದ್ದು ಚಿತ್ರ ಮಾತ್ರ ಜಗ್ಗುತ್ತಾ, ಎಗರುತ್ತಾ ಬರುತ್ತಿದ್ದರೆ ಕಂಪ್ಯೂಟರ್ ಸೋತಿದೆ. ಚಕ್ರವೂ ಇಲ್ಲ, ಜಗ್ಗಾಟವೂ ಇಲ್ಲ, ನೀವೇ ಗುಂಡಿ ಒತ್ತಿದಂತೆ ಸುಮ್ಮನೆ ನಿಂತು ಪ್ಲೇ ಚಿಹ್ನೆ ಕಾಣುತ್ತಿದ್ದರೆ ಅದು ಮೂರನೆಯದು. ಹೀಗಿದ್ದೂ ‘ಬಫರಿಂಗ್ ಆಗ್ತಿದೆ’ ಎಂಬ ಒಂದೇ ಹೆಸರಿನಲ್ಲಿ ಮೂರನ್ನೂ ಕರೆಯುವುದು ರೂಢಿಯಾಗಿಬಿಟ್ಟಿದೆ.

ಅನುಮಾನ ಉಳಿದರೆ ಯೂಟ್ಯೂಬ್‌ನಲ್ಲಿ ಓಡುತ್ತಿರುವ ವಿಡಿಯೋ ಮೇಲೆ ಮೌಸ್‌ನ ಬಲಗುಂಡಿ ಒತ್ತಿ. ಪಟ್ಟಿಯ ಕೊನೆಯಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂದಿರುತ್ತದೆ. ಹೆಸರು ನೋಡಿ ಹೆದರಬೇಡಿ. ಅಲ್ಲಿ ತೆರೆದುಕೊಳ್ಳುವ ಕಪ್ಪು ಚೌಕದಲ್ಲಿ ನಿಮಗೆ ಬೇಕಾದದ್ದು ಎರಡೇ ಸಾಲು. ‘ಬಫರ್ ಹೆಲ್ತ್’ ಎಂಬುದು ಮುಂದಿನ ಎಷ್ಟು ಸೆಕೆಂಡಿನ ವಿಡಿಯೋ ಈಗಾಗಲೇ ಕೈಯಲ್ಲಿದೆ ಎಂದು ಹೇಳುತ್ತದೆ. ವಿಡಿಯೋ ನಿಲ್ಲುವ ಮುಂಚೆ ಅದು ಇಳಿಯುತ್ತಾ ಸೊನ್ನೆಗೆ ಬಂದರೆ ತಪ್ಪು ನೆಟ್‌ವರ್ಕಿನದು. ಅದು 30, 40 ಸೆಕೆಂಡಿನಲ್ಲಿ ಗಟ್ಟಿಯಾಗಿ ಕುಳಿತಿದ್ದೂ ಚಿತ್ರ ಮುಗ್ಗರಿಸುತ್ತಿದ್ದರೆ ‘ಫ್ರೇಮ್ಸ್’ ಸಾಲು ನೋಡಿ. ಅಲ್ಲಿ ‘ಡ್ರಾಪ್ಡ್’ ಎಂಬ ಸಂಖ್ಯೆ ಎಡೆಬಿಡದೆ ಏರುತ್ತಿದ್ದರೆ ಕಂಪ್ಯೂಟರ್ ಚಿತ್ರಗಳನ್ನು ಕೈಬಿಡುತ್ತಿದೆ. ಶುರುವಿನಲ್ಲಿ ಅಥವಾ ಫುಲ್ ಸ್ಕ್ರೀನ್ ಮಾಡಿದಾಗ ನಾಲ್ಕಾರು ಬಿಟ್ಟುಹೋಗುವುದು ಲೆಕ್ಕಕ್ಕಿಲ್ಲ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಕಳಚಬೇಕು. ಮೊದಲೆಲ್ಲ ವಿಡಿಯೋವನ್ನು ನಿಲ್ಲಿಸಿಟ್ಟು ಬೇರೆ ಕೆಲಸ ಮುಗಿಸಿ ಬಂದರೆ ಅಷ್ಟರಲ್ಲಿ ಪೂರ್ತಿ ಇಳಿದಿರುತ್ತಿತ್ತು. ಈಗಿನ ಪ್ಲೇಯರ್‌ಗಳು ಹಾಗೆ ಮಾಡುವುದಿಲ್ಲ. ವಿಡಿಯೋ ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ, ಪ್ರತಿ ತುಂಡೂ ಹಲವು ಗುಣಮಟ್ಟಗಳಲ್ಲಿ ಸರ್ವರಿನಲ್ಲಿ ಸಿದ್ಧವಿರುತ್ತದೆ. ಆಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ಎರಡೂ ಇದೇ ಪದ್ಧತಿ. ಹಿಂದಿನ ತುಂಡು ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ಮುಂದಿನದನ್ನು ಯಾವ ಗುಣಮಟ್ಟದಲ್ಲಿ ತರಿಸಬೇಕೆಂದು ಪ್ಲೇಯರ್ ತೀರ್ಮಾನಿಸುತ್ತದೆ. ಒಂದು ಮಿತಿ ತುಂಬಿದ ಮೇಲೆ ಮುಂದಿನದನ್ನು ತರಿಸುವುದೇ ಇಲ್ಲ. ಹಾಗಾಗಿ ಗಂಟೆಗಟ್ಟಲೆ ಪಾಸ್ ಮಾಡಿಟ್ಟರೂ ಸಿಗುವುದು ಅಷ್ಟೇ. ನೀವು ಕ್ವಾಲಿಟಿಯನ್ನು 1080ಕ್ಕೆ ಕಟ್ಟಿಹಾಕಿದ್ದರೆ ಈ ಜಾಣತನಕ್ಕೂ ಕೆಲಸವಿಲ್ಲ. ದಾರಿ ಕಿರಿದಾದಾಗ ಇಳಿದು ಸಾಗಬೇಕಾದ ಪ್ಲೇಯರ್ ಅಲ್ಲೇ ನಿಂತುಬಿಡುತ್ತದೆ. ಅದನ್ನು ‘ಆಟೋ’ಗೆ ಬಿಡಿ. ಒಮ್ಮೊಮ್ಮೆ ಇಷ್ಟರಿಂದಲೇ ದೂರು ತೀರುತ್ತದೆ.

ಡೇಟಾ ಬರುತ್ತಿಲ್ಲ ಎಂದು ಖಾತ್ರಿಯಾಯಿತು ಎನ್ನಿ. ಎಲ್ಲಿ ನಿಂತಿದೆ? ಸ್ಪೀಡ್ ಟೆಸ್ಟ್ ಇದಕ್ಕೆ ಉತ್ತರ ಕೊಡುವುದಿಲ್ಲ. ಅದು ಸಾಮಾನ್ಯವಾಗಿ ಹತ್ತಿರದ ಸರ್ವರ್ ಒಂದಕ್ಕೆ ಅರ್ಧ ನಿಮಿಷವೂ ಓಡದೆ ಒಂದು ದೊಡ್ಡ ಸಂಖ್ಯೆ ತೋರಿಸಿ ಮುಗಿಸುತ್ತದೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ಐದು ಸೆಕೆಂಡು ಸತ್ತು ಎದ್ದೇಳುವ ವೈಫೈ ಆ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ನನಗೆ ಇದಕ್ಕಿಂತ ನಂಬಿಕೆ ಇರುವುದು ಬಡಪಾಯಿ ಪಿಂಗ್ ಮೇಲೆ: ಒಂದು ಯಂತ್ರ ಇನ್ನೊಂದನ್ನು ಕರೆದು, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಆದೇಶ ಅದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟರೆ ‘ಡೀಫಾಲ್ಟ್ ಗೇಟ್‌ವೇ’ ಎದುರು ಒಂದು ವಿಳಾಸ ಕಾಣುತ್ತದೆ, ಬಹಳ ಕಡೆ 192.168.1.1 ಅಥವಾ 192.168.0.1. ಅದು ನಿಮ್ಮದೇ ರೌಟರ್. ಪಿಂಗ್ (ping) ಎಂದು ಬರೆದು, ಜಾಗ ಬಿಟ್ಟು ಆ ವಿಳಾಸ ಹಾಕಿ, ಮತ್ತೆ ಜಾಗ ಬಿಟ್ಟು ಕಿರುಗೆರೆ ಮತ್ತು ಟಿ ಅಕ್ಷರ (-t) ಸೇರಿಸಿದರೆ ಕಂಪ್ಯೂಟರ್ ರೌಟರನ್ನು ನಿಲ್ಲದೆ ಮಾತಾಡಿಸುತ್ತಿರುತ್ತದೆ. ಪಕ್ಕದಲ್ಲಿ ವಿಡಿಯೋ ಹಚ್ಚಿ ನೋಡುತ್ತಿರಿ.

ರೌಟರ್ ಅದೇ ಮನೆಯಲ್ಲಿದೆ. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. ಆಗೊಮ್ಮೆ ಈಗೊಮ್ಮೆ ಒಂದು ಸಂಖ್ಯೆ ಎಗರಿದರೆ ತಲೆ ಕೆಡಿಸಿಕೊಳ್ಳಬೇಡಿ, ಕೆಲಸದ ಒತ್ತಡದಲ್ಲಿ ರೌಟರ್ ಪಿಂಗ್‌ಗೆ ತಡವಾಗಿ ಉತ್ತರಿಸುವುದುಂಟು. ಆದರೆ ವಿಡಿಯೋ ನಿಂತ ಗಳಿಗೆಯಲ್ಲೇ 300, 800 ಎಂದು ಸಾಲು ಸಾಲು ಬಂದರೆ ಅಥವಾ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ, ಹೊರಗಿನ ಇಂಟರ್‌ನೆಟ್‌ಗೂ ಇದಕ್ಕೂ ಸಂಬಂಧವಿಲ್ಲ. ತೊಂದರೆ ಇರುವುದು ನಿಮ್ಮ ಕುರ್ಚಿಗೂ ರೌಟರಿಗೂ ನಡುವೆ. ನಾನು ಕಂಡ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಕೊನೆಗಾಣುತ್ತವೆ.

ವೈಫೈನ 2.4 ಗಿಗಾಹರ್ಟ್ಸ್ ಆವರ್ತನ ಪಟ್ಟಿ (ಬ್ಯಾಂಡ್) ಬಹಳ ದಟ್ಟಣೆಯ ಜಾಗ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ಮನೆಗಳ ರೌಟರ್‌ಗಳೆಲ್ಲ ಇದರಲ್ಲೇ ಹಂಚಿಕೊಳ್ಳಬೇಕು. ಬ್ಲೂಟೂತ್ ಇದೇ ಪಟ್ಟಿಯಲ್ಲಿದೆ, ಮೈಕ್ರೋವೇವ್ ಒಲೆಯೂ ಸುಮಾರು ಇದೇ ಆವರ್ತನದಲ್ಲಿ ಕೆಲಸ ಮಾಡುತ್ತದೆ. ಇನ್ನೊಬ್ಬ ಅಪರಾಧಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ: ಯುಎಸ್‌ಬಿ 3.0. ಅದರ ಸಾಧನ, ಕೇಬಲ್‌ಗಳು ಇದೇ 2.4 ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಬಂಧ ಹೊರಡಿಸಿತ್ತು. ಪುಟ್ಟ ವೈಫೈ ಡಾಂಗಲ್‌ಗೆ ಒತ್ತಿಕೊಂಡೇ ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿದ್ದರೆ, ಅದನ್ನು ಇನ್ನೊಂದು ಬದಿಗೆ ಹಾಕಿ ನೋಡಿ. ಡಾಂಗಲ್ಲನ್ನು ಗಿಡ್ಡ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ಲಿನಿಂದ ಸ್ವಲ್ಪ ದೂರ ತಂದರೂ ಆದೀತು.

ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಕಂಪ್ಯೂಟರನ್ನು ಅದಕ್ಕೆ ಸೇರಿಸಿ. ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ, ಆದರೆ ಒಂದೇ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದರೆ ತುಂಬ ನಿರಾಳ. ಎರಡೂ ಪಟ್ಟಿಗೆ ಒಂದೇ ಹೆಸರಿಟ್ಟಿದ್ದರೆ ಕಂಪ್ಯೂಟರ್ ಹಟ ಹಿಡಿದು 2.4ಕ್ಕೇ ಅಂಟಿಕೊಳ್ಳುವುದುಂಟು; ಹೆಸರು ಬೇರೆ ಮಾಡಿದರೆ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ. ಇದೆಲ್ಲ ಹೇಳಿದ ಮೇಲೂ ನನ್ನ ಪಕ್ಷಪಾತ ತಂತಿಯ ಕಡೆಗೇ. ಜಾಗ ಬಿಟ್ಟು ಕದಲದ ಡೆಸ್ಕ್‌ಟಾಪ್‌ಗೆ ವೈಫೈ ಯಾಕೆ? ಲ್ಯಾನ್ ಕೇಬಲ್ ಎಳೆದುಬಿಡಿ. ಕಾಯಂ ಬೇಡವೆಂದರೆ ಪರೀಕ್ಷೆಗಾದರೂ ಒಂದು ಸಂಜೆ ಎಳೆದು ನೋಡಿ.

ತಂತಿ ಹಾಕಿದರೂ ಚಕ್ರ ಸುತ್ತುತ್ತಿದ್ದರೆ ಮನೆಯೊಳಗೆ ಯಾರಾದರೂ ಏನಾದರೂ ಕಳಿಸುತ್ತಿದ್ದಾರಾ ವಿಚಾರಿಸಿ. ಇಳಿಸುವುದಲ್ಲ, ಕಳಿಸುವುದು. ಫೋನಿನ ಫೋಟೋಗಳು ಕ್ಲೌಡ್‌ಗೆ ಹೋಗುತ್ತಿರುವಾಗ, ಕ್ಯಾಮೆರಾ ರೆಕಾರ್ಡಿಂಗ್ ಅಪ್‌ಲೋಡ್ ಆಗುತ್ತಿರುವಾಗ ವಿಡಿಯೋ ನಿಲ್ಲುವುದೇಕೆಂದು ಜನ ತಬ್ಬಿಬ್ಬಾಗುತ್ತಾರೆ. ಇಳಿದ ಪ್ರತಿ ಕಂತಿಗೂ ‘ತಲುಪಿತು’ ಎಂಬ ರಸೀದಿ ವಾಪಸ್ ಹೋಗಬೇಕು. ಅಪ್‌ಲೋಡ್ ಸಾಲಿನಲ್ಲಿ ದೊಡ್ಡ ಫೈಲುಗಳು ಕಿಕ್ಕಿರಿದಿದ್ದರೆ ಆ ರಸೀದಿಗಳು ಹಿಂದೆ ಕಾಯುತ್ತವೆ, ಅವು ಹೋಗದೆ ಅತ್ತಲಿನ ಸರ್ವರ್ ಮುಂದಿನದನ್ನು ನಿಧಾನಿಸುತ್ತದೆ. ರೌಟರಿನೊಳಗೆ ಹೀಗೆ ಉದ್ದುದ್ದ ಸಾಲು ನಿಲ್ಲುವುದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. ಬ್ಯಾಕಪ್ ಪ್ರೋಗ್ರಾಮಿನಲ್ಲಿ ಅಪ್‌ಲೋಡ್‌ಗೆ ಮಿತಿ ಹಾಕುವ ಸೆಟ್ಟಿಂಗ್ ಇದ್ದರೆ ಹಾಕಿ. ವಿಂಡೋಸ್ ಕೂಡ ತನ್ನ ಅಪ್‌ಡೇಟ್‌ಗಳನ್ನು ಬೇರೆ ಕಂಪ್ಯೂಟರ್‌ಗಳಿಗೆ ನಿಮ್ಮ ಸಂಪರ್ಕದಿಂದಲೇ ಹಂಚಬಲ್ಲದು. ಅಪ್‌ಡೇಟ್ ಸೆಟ್ಟಿಂಗ್‌ನ ‘ಡೆಲಿವರಿ ಆಪ್ಟಿಮೈಸೇಶನ್’ ಒಳಗೆ ಹೋಗಿ ಅದನ್ನು ನಿಲ್ಲಿಸಬಹುದು. ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸಿ ಕಳಿಸುವ ಸೇವೆ) ಹಾಕಿಕೊಂಡಿದ್ದರೆ ಒಮ್ಮೆ ತೆಗೆದು ನೋಡುವುದನ್ನೂ ಮರೆಯಬೇಡಿ.

ಇನ್ನು ಎರಡನೆಯ ಬಗೆ, ಕಂಪ್ಯೂಟರ್ ಸೋಲುವುದು. ವಿಡಿಯೋ ಬರುವುದು ಬಿಗಿಯಾಗಿ ಮಡಚಿಕೊಂಡು, ಅದನ್ನು ಬಿಡಿಸುವ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್‌ನಲ್ಲಿ ಪ್ರತ್ಯೇಕ ಭಾಗವೇ ಇರುತ್ತದೆ. ಮಡಚುವ ವಿಧಾನ ಮಾತ್ರ ಬದಲಾಗುತ್ತಲೇ ಇದೆ. ಹಳೆಯ ಎಚ್.264 ಎಲ್ಲ ಚಿಪ್‌ಗಳಿಗೂ ಗೊತ್ತು. ವಿಪಿ9 ಅನ್ನು ಇಂಟೆಲ್ ಏಳನೇ ತಲೆಮಾರಿನಿಂದ ಈಚಿನ ಚಿಪ್‌ಗಳು ಸಲೀಸಾಗಿ ಬಿಡಿಸುತ್ತವೆ. 2018ರಲ್ಲಿ ಬಂದ ಎವಿ1ಗೆ ಹನ್ನೊಂದನೇ ತಲೆಮಾರು, ಅಂದರೆ 2020ರ ಚಿಪ್‌ಗಳೇ ಬೇಕು. ಚಿಪ್‌ಗೆ ಗೊತ್ತಿಲ್ಲದ ವಿಧಾನದಲ್ಲಿ ವಿಡಿಯೋ ಬಂದರೆ ಭಾರವೆಲ್ಲ ಪ್ರೊಸೆಸರ್ ಮೇಲೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು 100ರ ಬಳಿ ಏದುಸಿರು ಬಿಡುತ್ತಿರುತ್ತದೆ. ಹತ್ತು ವರ್ಷ ಚೆನ್ನಾಗಿ ವಿಡಿಯೋ ತೋರಿಸಿದ ಕಂಪ್ಯೂಟರ್ ಈಗ ಯಾಕೆ ತಡವರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಅದು ಕೆಟ್ಟಿಲ್ಲ, ಅದಕ್ಕೆ ಬರುತ್ತಿರುವ ಕೆಲಸ ಬದಲಾಗಿದೆ.

ಮೊದಲು ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್, ಅಂದರೆ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ, ಆನ್ ಇದೆಯಾ ನೋಡಿ. ಕ್ರೋಮ್‌ನಲ್ಲಿ ಅದು ‘ಸಿಸ್ಟಮ್’ ಎಂಬಲ್ಲಿರುತ್ತದೆ. ಯಾವುದೋ ಸಲಹೆ ಓದಿ ಅದನ್ನು ಆಫ್ ಮಾಡಿ ಮರೆತವರು ಬಹಳ ಮಂದಿ. ಆನ್ ಇದ್ದೂ ತೊಂದರೆಯಾದರೆ ಚಿಪ್ ತಯಾರಕರ ತಾಣದಿಂದ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿ. ಕಂಪ್ಯೂಟರ್ ನಿಜಕ್ಕೂ ಹಳೆಯದಾಗಿದ್ದರೆ ಯೂಟ್ಯೂಬ್ ಎಚ್.264 ಆವೃತ್ತಿಯನ್ನೇ ಕಳಿಸುವಂತೆ ಮಾಡುವ ಬ್ರೌಸರ್ ಎಕ್ಸ್‌ಟೆನ್ಶನ್‌ಗಳಿವೆ, ಒಳ್ಳೆಯ ಆಸರೆ. ಅದೂ ಬೇಡವೆಂದರೆ 480ಕ್ಕೆ ಇಳಿಸಿ. ಯೂಟ್ಯೂಬ್‌ನಲ್ಲಿ ಸೆಕೆಂಡಿಗೆ 60 ಚಿತ್ರದ ಓಟ ಸಿಗುವುದು 720 ಮತ್ತು ಅದಕ್ಕೂ ಮೇಲೆ ಮಾತ್ರ, ಹಾಗಾಗಿ ಅಂಥ ವಿಡಿಯೋವನ್ನು 480ಕ್ಕೆ ಇಳಿಸಿದರೆ ಚಿತ್ರಗಳ ಸಂಖ್ಯೆಯೂ ಅರ್ಧಕ್ಕಿಳಿದು ಭಾರ ಎರಡು ಕಡೆಯಿಂದ ಕಡಿಮೆಯಾಗುತ್ತದೆ. ಮೊದಲ ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಜಗ್ಗತೊಡಗುವ ಲ್ಯಾಪ್‌ಟಾಪ್ ಆದರೆ ಮೊದಲು ಫ್ಯಾನಿನ ಧೂಳು ತೆಗೆಸಿ. ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಸಿಗೆಯ ಮೇಲಿಟ್ಟು ನೋಡುವವರ ಲ್ಯಾಪ್‌ಟಾಪಿಗೆ ಉಸಿರಾಡಲು ಜಾಗವೇ ಇರುವುದಿಲ್ಲ.

ಮೂರನೆಯದು ತಮಾಷೆಯ ಜಾತಿ. ತುಂಬ ಹೊತ್ತು ಏನನ್ನೂ ಮುಟ್ಟದಿದ್ದರೆ ಯೂಟ್ಯೂಬ್ ತಾನೇ ನಿಲ್ಲಿಸಿ, ನೋಡುತ್ತಿದ್ದೀರಾ ಎಂದು ಕೇಳುತ್ತದೆ, ಅದು ದೋಷವಲ್ಲ. ಕಿವಿಯಿಂದ ತೆಗೆದೊಡನೆ ಪಾಸ್ ಕಳಿಸುವ ಇಯರ್‌ಬಡ್‌ಗಳಿವೆ, ಅವುಗಳ ಸೆನ್ಸರ್‌ಗೆ ಕೊಳೆ ಹಿಡಿದರೆ ಕಿವಿಯಲ್ಲಿದ್ದಾಗಲೂ ಕಳಿಸಬಹುದು. ಫೋನಿಗೂ ಕಂಪ್ಯೂಟರಿಗೂ ಒಟ್ಟಿಗೆ ಜೋಡಿಸಿಕೊಂಡ ಹೆಡ್‌ಸೆಟ್ ಆದರೆ ಫೋನಿಗೆ ಏನಾದರೂ ಬಂದಾಗ ಇತ್ತ ವಿಡಿಯೋ ನಿಲ್ಲುತ್ತದೆ. ಸ್ಪೇಸ್ ಕೀಲಿಯಾಗಲಿ ಕೆ ಕೀಲಿಯಾಗಲಿ ಯೂಟ್ಯೂಬ್‌ನಲ್ಲಿ ಪಾಸ್ ಮಾಡುವುದರಿಂದ, ಅಂಟಿಕೊಂಡ ಕೀಲಿಯೂ ಇದೇ ಕಿತಾಪತಿ ಮಾಡುತ್ತದೆ. ಬ್ಲೂಟೂತ್ ಆಫ್ ಮಾಡಿ, ಬ್ರೌಸರ್ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

‘ಕ್ಯಾಶ್ ಕ್ಲಿಯರ್ ಮಾಡಿ’, ‘ಡಿಎನ್‌ಎಸ್ ಬದಲಿಸಿ’ ಎಂಬ ಸಲಹೆಗಳು ಎಲ್ಲೆಡೆ ಸಿಗುತ್ತವೆ. ಮಾಡಿದರೆ ಕೇಡಿಲ್ಲ, ಫಲವೂ ಅಪರೂಪ. ವೇಗ ಹೆಚ್ಚಿಸುತ್ತೇವೆ ಎನ್ನುವ ಬೂಸ್ಟರ್ ಸಾಫ್ಟ್‌ವೇರ್‌ಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ.

ತಂತಿ ಹಾಕಿದ್ದೀರಿ, ಅಪ್‌ಲೋಡ್ ನಿಲ್ಲಿಸಿದ್ದೀರಿ, ರೌಟರ್‌ಗೆ ಪಿಂಗ್ ಚೆನ್ನಾಗಿದೆ, ಆದರೂ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬಫರ್ ಹೆಲ್ತ್ ಸೊನ್ನೆಗೆ ಬೀಳುತ್ತದೆ, ಬೆಳಗಿನ ಜಾವ ಬೀಳುವುದಿಲ್ಲ. ಆಗ ಮಾತ್ರ ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿ. ‘ವಿಡಿಯೋ ನಿಲ್ಲುತ್ತೆ’ ಎಂದಷ್ಟೇ ಹೇಳಿದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಸಿಗುತ್ತದೆ. ಲ್ಯಾನ್ ಕೇಬಲ್‌ನಲ್ಲೇ ಪರೀಕ್ಷಿಸಿದ್ದು, ಯಾವ ಹೊತ್ತಿನಲ್ಲಿ ಬೀಳುತ್ತದೆ ಎಂಬುದು, ರೌಟರ್ ಪಿಂಗ್ ಮತ್ತು ಹೊರಗಿನ ಯಾವುದಾದರೂ ತಾಣದ ವಿಳಾಸ ಹಾಕಿ ಮಾಡಿದ ಪಿಂಗ್ ಎರಡರ ಸಂಖ್ಯೆ, ಇವನ್ನು ಬರೆದಿಟ್ಟುಕೊಂಡು ಹೇಳಿ. ದೂರಿನ ಸಂಖ್ಯೆ ಕೇಳಿ ಪಡೆದುಕೊಳ್ಳಿ.